ಅಡಿಕೆಗೆ ಬರುವ ಕೊಳೆ ಶಿಲೀಂಧ್ರವಾ, ಪ್ರೋಟಿಸ್ಟಾ?

ತೋಟದಮನೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಪ್ರಥಮ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ, ಮನೆಯಲ್ಲಿ ಅಡಿಕೆ ತೋಟ ಇದೆ. ಬಯಾಲಜಿಯಲ್ಲಿ ಈಗ ಜೀವಿಗಳ ವರ್ಗೀಕರಣದ ಪಾಠ ನಡೆಯುತ್ತಿದೆ. ಪ್ರೋಟಿಸ್ಟ ಅಂದರೆ ಕೋಶಕೇಂದ್ರ ಇರುವ ಏಕಕೋಶ ಜೀವಿಗಳು, ಅಮೀಬಾ, ಪ್ಯಾರಮೀಸಿಯಂ, ಯೂಗ್ಲೀನಾ ಥರದವು. ಶಿಲೀಂಧ್ರ ಅಂದರೆ ಬೂಷ್ಟು, ಅಣಬೆ, ಯೀಸ್ಟ್. ಇಷ್ಟು ಗೊತ್ತಾಗಿದೆ.

ನನ್ನ ಪ್ರಶ್ನೆ ಬೇರೆ. ಈ ಸಲ ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗವೂ ಬಂದಿದೆ, ಕಾಯಿ ಕೊಳೆತು ಉದುರುವ ಕೊಳೆಯೂ ಬಂದಿದೆ. ಎಲೆಚುಕ್ಕಿಗೆ ಅಂತ ತಂದ ಪ್ರೊಪಿಕೊನಜೋಲ್ ಔಷಧಿ ಮನೆಯಲ್ಲಿ ಉಳಿದಿತ್ತು. ಅದನ್ನೇ ಕೊನೆಗಳಿಗೂ (ಅಡಿಕೆ ಗೊನೆಗಳಿಗೂ) ಹೊಡೆಸಿದರೆ ಆಗುತ್ತಲ್ವಾ ಅಂತ ಅಪ್ಪಯ್ಯ ಅಂಗಡಿಯಲ್ಲಿ ಕೇಳಿದರು. ಅಂಗಡಿಯವರು "ಅದು ಕೊಳೆಗೆ ಏನೂ ಮಾಡಲ್ಲ, ಕೊಳೆ ಫಂಗಸ್ಸೇ ಅಲ್ಲ" ಅಂದರಂತೆ. ಆದರೆ ಪೇಪರಿನಲ್ಲಿ, ಕರಪತ್ರದಲ್ಲಿ, ಎಲ್ಲ ಕಡೆ "ಕೊಳೆ ರೋಗ ಶಿಲೀಂಧ್ರದಿಂದ ಬರುತ್ತದೆ" ಅಂತಲೇ ಬರೆದಿರುತ್ತಾರೆ. ಉದುರಿದ ಅಡಿಕೆ ಮೇಲೆ ಹತ್ತಿ ಥರ ಬಿಳಿ ಬೂಷ್ಟು ನಾನೇ ನೋಡಿದ್ದೇನೆ. ಬೂಷ್ಟು ಅಂದ ಮೇಲೆ ಶಿಲೀಂಧ್ರ ತಾನೇ? ಶಿಲೀಂಧ್ರ ಅಲ್ಲದಿದ್ದರೆ ಅದು ಪ್ರೋಟಿಸ್ಟಾ? ಒಂದೇ ಕೋಶದ ಜೀವಿ ಹಾಗೆ ಹತ್ತಿ ಹತ್ತಿಯಾಗಿ ಹೇಗೆ ಬೆಳೆಯುತ್ತದೆ? ಎರಡಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ ಅಂತ ಯಾರಾದರೂ ಬಿಡಿಸಿ ಹೇಳಿ.

ಬಯಾಲಜಿ ಮೇಡಂ

ಒಳ್ಳೆಯ ಪ್ರಶ್ನೆ. ಮೊದಲು ಪರೀಕ್ಷೆಗೆ ಬೇಕಾದಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ಗೊತ್ತಿರುವವರು ಹೇಳಲಿ.

ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ. ಜೀರುಂಡೆಯ ಗಟ್ಟಿ ಮೈಯಲ್ಲಿ, ಸೀಗಡಿ ಸಿಪ್ಪೆಯಲ್ಲಿ ಇರುವುದೂ ಅದೇ ಕೈಟಿನ್. ಹರಿತ್ತು ಇಲ್ಲ, ಹಾಗಾಗಿ ಸ್ವಂತ ಆಹಾರ ತಯಾರಿಸಿಕೊಳ್ಳುವುದಿಲ್ಲ. ಬಾಯಿಯೂ ಇಲ್ಲ. ತಾನು ಕೂತ ವಸ್ತುವಿನ ಮೇಲೆ ಕಿಣ್ವ ಬಿಟ್ಟು, ಹೊರಗೇ ಜೀರ್ಣ ಮಾಡಿ, ಆ ರಸ ಹೀರುತ್ತದೆ. ಮಿಕ್ಕಿದ್ದನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತದೆ, ನಮ್ಮ ಲಿವರ್ ಮಾಡುವ ಹಾಗೆಯೇ.

ಪ್ರೋಟಿಸ್ಟಗಳಿಗೆ ಹೀಗೆ ಒಂದೇ ಲಕ್ಷಣ ಹೇಳಲು ಆಗುವುದಿಲ್ಲ. ಅಮೀಬಾಗೆ ಕೋಶಭಿತ್ತಿಯೇ ಇಲ್ಲ, ಮಿಥ್ಯಪಾದ ಚಾಚಿ ಆಹಾರವನ್ನು ಸುತ್ತುವರಿದು ನುಂಗುತ್ತದೆ. ಡಯಾಟಮ್‌ಗೆ ಸಿಲಿಕಾದ ಚಿಪ್ಪು. ಯೂಗ್ಲೀನಾ ಬೆಳಕಿದ್ದರೆ ಗಿಡದ ಹಾಗೆ ಆಹಾರ ಮಾಡಿಕೊಳ್ಳುತ್ತದೆ, ಕತ್ತಲಲ್ಲಿ ಸಿಕ್ಕಿದ್ದರಲ್ಲಿ ಬದುಕುತ್ತದೆ. ಪ್ಯಾರಮೀಸಿಯಂ ಮೈತುಂಬ ಲೋಮಾಂಗ ಆಡಿಸುತ್ತಾ ಓಡಾಡುತ್ತದೆ, ಒಳಗೆ ಸೇರುವ ಹೆಚ್ಚುವರಿ ನೀರನ್ನು ಸಂಕೋಚನ ರಸದಾನಿಯಿಂದ ಹೊರಗೆ ಹಾಕುತ್ತಲೇ ಇರುತ್ತದೆ.

ಕೋಶ ಒಂದೋ ಹಲವೋ ಅನ್ನೋದರ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ. ಯೀಸ್ಟ್ ಒಂದೇ ಕೋಶದ್ದು, ಆದರೂ ಶಿಲೀಂಧ್ರ. ತಣ್ಣನೆಯ ಸಮುದ್ರಗಳಲ್ಲಿ ಬೆಳೆಯುವ ಕೆಲ್ಪ್ ಎಂಬ ಕಂದು ಪಾಚಿ 40 ಮೀಟರಿಗೂ ಉದ್ದ ಬೆಳೆಯುತ್ತದೆ, ಅದನ್ನು ಹೆಚ್ಚಿನವರು ಇವತ್ತು ಪ್ರೋಟಿಸ್ಟಗಳ ಜೊತೆಗೇ ಇಡುತ್ತಾರೆ.

ಸಸ್ಯರೋಗ ಓದಿದವನು

ಅಂಗಡಿಯವರು ಹೇಳಿದ್ದು ಸರಿಯಾಗಿಯೇ ಇದೆ. ಎಲೆಚುಕ್ಕಿ ಮುಖ್ಯವಾಗಿ ಕೊಲೆಟೊಟ್ರೈಕಂ ಜಾತಿಯಿಂದ ಬರುತ್ತದೆ, ಅದು ಅಪ್ಪಟ ಶಿಲೀಂಧ್ರ. ಕೊಳೆ ಬರುವುದು ಫೈಟಾಫ್ಥೊರಾದಿಂದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳ ಕೊಳೆಯನ್ನೇ ಅಧ್ಯಯನ ಮಾಡಿ 1910ರಲ್ಲಿ ಅದನ್ನು ಬರೆದಿಟ್ಟರು. ಆಗ ಅದನ್ನು ಶಿಲೀಂಧ್ರ ಅಂತಲೇ ಎಣಿಸುತ್ತಿದ್ದರು, ಕರಪತ್ರಗಳಲ್ಲಿ ಇವತ್ತಿಗೂ ಅದೇ ಉಳಿದುಕೊಂಡಿದೆ. ಫೈಟಾಫ್ಥೊರಾ ಸೇರುವ ಗುಂಪಿಗೆ ಊಮೈಸೀಟ್ ಅಂತ ಹೆಸರು. ಅದರ ಹತ್ತಿರದ ನೆಂಟರು ಮೇಡಂ ಹೇಳಿದ ಕಂದು ಪಾಚಿ ಮತ್ತು ಡಯಾಟಮ್‌ಗಳು. ಅಣಬೆಗೂ ಅದಕ್ಕೂ ಸಂಬಂಧ ಬಹಳ ದೂರ.

ಮತ್ತೆ ಬೂಷ್ಟಿನ ಹಾಗೆ ಯಾಕೆ ಕಾಣುತ್ತದೆ? ಅಡಿಕೆಯ ಒಳಗೆ ನುಗ್ಗಬೇಕು, ನಾಲ್ಕೂ ಕಡೆ ಹರಡಬೇಕು, ಸಿಕ್ಕಿದ್ದನ್ನು ಮೈಯಿಂದಲೇ ಹೀರಬೇಕು. ಈ ಕೆಲಸಕ್ಕೆ ತೆಳ್ಳಗಿನ ಉದ್ದ ಎಳೆಗಿಂತ ಒಳ್ಳೆಯ ಮೈ ಇಲ್ಲ. ಶಿಲೀಂಧ್ರಗಳು ಆ ಮೈಯನ್ನು ತಮ್ಮ ದಾರಿಯಲ್ಲಿ ಕಂಡುಕೊಂಡವು, ಇವು ತಮ್ಮ ದಾರಿಯಲ್ಲಿ ಕಂಡುಕೊಂಡವು. ಹಾಗಾಗಿ ಹೊರಗಿನ ರೂಪ ನೋಡಿ ಗುಂಪು ಹೇಳುವುದು ಕಷ್ಟ, ಒಳಗೆ ನೋಡಬೇಕು.

ಒಳಗೆ ನೋಡಿದರೆ ಮೊದಲು ಕಾಣುವುದು ಗೋಡೆ. ಫೈಟಾಫ್ಥೊರಾದ ಕೋಶಭಿತ್ತಿಯಲ್ಲಿ ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸ್ ಇರುತ್ತದೆ, ಕೈಟಿನ್‌ಗೆ ಅಲ್ಲಿ ಜಾಗ ಇಲ್ಲ ಅನ್ನುವಷ್ಟು ಕಡಿಮೆ. ಸೆಲ್ಯುಲೋಸ್ ಕಟ್ಟುವುದನ್ನೇ ತಡೆಯುವ ಮ್ಯಾಂಡಿಪ್ರೊಪಮಿಡ್ ಅಂತ ಔಷಧಿ ಇದೆ. ಅದು ಫೈಟಾಫ್ಥೊರಾದಂಥವುಗಳಿಗೆ ಕೆಲಸ ಮಾಡುತ್ತದೆ, ನಿಜವಾದ ಶಿಲೀಂಧ್ರಕ್ಕೆ ಹೊಡೆದರೆ ಏನೂ ಆಗುವುದಿಲ್ಲ.

ಎರಡನೆಯದು ನಿಮ್ಮ ಪ್ರೊಪಿಕೊನಜೋಲ್ ವಿಷಯ, ಇದು ಮುಖ್ಯ. ಕೋಶದ ಹೊರಪೊರೆ ಸರಿಯಾಗಿ ಇರಬೇಕಾದರೆ ಶಿಲೀಂಧ್ರಕ್ಕೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ನಮಗೆ ಕೊಲೆಸ್ಟೆರಾಲ್ ಹೇಗೋ ಅದಕ್ಕೆ ಇದು ಹಾಗೆ. ಅಜೋಲ್ ಗುಂಪಿನ ಔಷಧಿಗಳೆಲ್ಲ, ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್, ಟೆಬುಕೊನಜೋಲ್ ಎಲ್ಲವೂ, ಆ ಎರ್ಗೊಸ್ಟೆರಾಲ್ ತಯಾರಾಗುವ ಒಂದು ಹಂತವನ್ನು ಕಟ್ಟಿಹಾಕುತ್ತವೆ. ಗಜಕರ್ಣಕ್ಕೆ ಹಚ್ಚುವ ಮುಲಾಮಿನಲ್ಲೂ ಇದೇ ಗುಂಪಿನ ಔಷಧಿ ಇರುತ್ತದೆ. ಫೈಟಾಫ್ಥೊರಾ ಸ್ಟೆರಾಲನ್ನು ತಯಾರಿಸುವುದೇ ಇಲ್ಲ, ಬೇಕಾದಷ್ಟನ್ನು ತಾನು ಕೂತ ಗಿಡದಿಂದಲೇ ತೆಗೆದುಕೊಳ್ಳುತ್ತದೆ. ಇಲ್ಲದ ಕೆಲಸವನ್ನು ನಿಲ್ಲಿಸುವುದು ಹೇಗೆ? ಅದಕ್ಕೇ ಆ ಔಷಧಿ ಕೊನೆಗೆ ಹೊಡೆದರೆ ದುಡ್ಡು ದಂಡ, ಅಷ್ಟು ಹೊತ್ತಿಗೆ ಕೊಳೆ ಪಕ್ಕದ ಕೊನೆಗೆ ಹೋಗಿರುತ್ತದೆ. ಕಾರ್ಬೆಂಡಜಿಮ್ ಎಂಬ ಔಷಧಿಯ ಕಥೆಯೂ ಅಷ್ಟೇ, ಕೊಳೆಗೆ ತಾಗುವುದಿಲ್ಲ. ಮೆಟಲಾಕ್ಸಿಲ್ ಇದಕ್ಕೆ ತದ್ವಿರುದ್ಧ, ಊಮೈಸೀಟ್‌ಗೆ ಆಗುತ್ತದೆ, ನಿಜ ಶಿಲೀಂಧ್ರಕ್ಕೆ ಆಗುವುದಿಲ್ಲ.

ಮೂರನೆಯದು ಈಜು. ಫೈಟಾಫ್ಥೊರಾದ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳಿರುತ್ತವೆ. ನೀರು ಸಿಕ್ಕಿ ಸ್ವಲ್ಪ ತಂಪಾದರೆ ಚೀಲ ತೆರೆದು ಒಳಗಿಂದ ಚರಬೀಜಕಗಳು ಹೊರಗೆ ಬಂದು ಈಜುತ್ತವೆ. ಒಂದೊಂದಕ್ಕೂ ಎರಡು ಕಶಾಂಗ, ಅಂದರೆ ಈಜಲು ಬೀಸುವ ಚಾಟಿಯಂಥ ಎಳೆ. ಮುಂದಿನದರ ಮೇಲೆ ಸಣ್ಣ ಸಣ್ಣ ರೋಮ ಇರುತ್ತದೆ, ಹಿಂದಿನದು ನುಣುಪು. ಈ ರೋಮದ ಕಶಾಂಗ ಕಂದು ಪಾಚಿಯ ಕುಲದ ಗುರುತು. ಅಡಿಕೆಯ ಮೈಮೇಲೆ ಮಳೆನೀರಿನ ತೆಳು ಪದರ ಇದ್ದರೂ ಅದಕ್ಕೆ ಸಾಕು, ತೊಟ್ಟಿನ ಬುಡಕ್ಕೆ ಈಜಿಕೊಂಡು ಹೋಗಿ ಅಲ್ಲಿಂದ ಒಳಗೆ ನುಗ್ಗುತ್ತದೆ. ಕೊಳೆಯ ಮೊದಲ ಕಲೆ ತೊಟ್ಟಿನ ಹತ್ತಿರ, ನೀರು ಹಿಡಿದಂತೆ ಕಡುಹಸಿರಾಗಿ ಕಾಣಿಸುತ್ತದಲ್ಲ, ನೋಡಿರುತ್ತೀರಿ. ಜಡಿಮಳೆ ಹಿಡಿದ ವರ್ಷ ಕೊಳೆ ಜಾಸ್ತಿ ಆಗುವುದು ಇದೇ ಕಾರಣಕ್ಕೆ. ನೀವು ಹೇಳಿದ ಅಣಬೆ, ಬೂಷ್ಟು, ಯೀಸ್ಟ್‌ಗಳಲ್ಲಿ ಯಾವುದಕ್ಕೂ ಈಜುವ ಹಂತ ಇಲ್ಲ, ಅವುಗಳ ಬೀಜಕ ಗಾಳಿಗೋ ಮಳೆಹನಿಯ ಸಿಡಿತಕ್ಕೋ ಕಾಯಬೇಕು. ಶಿಲೀಂಧ್ರಗಳಲ್ಲಿ ಕೈಟ್ರಿಡ್ ಥರದ ಕೆಲವು ಹಳೆಯ ಕವಲುಗಳು ಮಾತ್ರ ಈಜುತ್ತವೆ, ಕೈಟ್ರಿಡ್ ಕವಲಿಗೂ ಹಿಂಬದಿಯಲ್ಲಿ ಒಂದೇ ಕಶಾಂಗ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಪತ್ತೆಯಾಗಿರುವ ಚರ್ಮರೋಗದ ಶಿಲೀಂಧ್ರ ಆ ಕವಲಿನದ್ದು.

ವರ್ಣತಂತುಗಳ ವಿಷಯವೂ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಬಹುಪಾಲು ಶಿಲೀಂಧ್ರಗಳ ಎಳೆಯಲ್ಲಿರುವ ಕೋಶಕೇಂದ್ರದಲ್ಲಿ ವರ್ಣತಂತುಗಳ ಒಂದೇ ಸೆಟ್ ಇರುತ್ತದೆ. ಫೈಟಾಫ್ಥೊರಾದಲ್ಲಿ ನಮ್ಮ ಹಾಗೆ ಎರಡು ಸೆಟ್. ಶಿಲೀಂಧ್ರದ ಎಳೆಯಲ್ಲಿ ಸಾಮಾನ್ಯವಾಗಿ ಅಡ್ಡಗೋಡೆ ಇರುತ್ತದೆ. ಇದರದ್ದು ಅಡ್ಡಗೋಡೆ ಇಲ್ಲದ ಉದ್ದನೆ ಕೊಳವೆ, ಅದರೊಳಗೆ ಎಷ್ಟೋ ಕೋಶಕೇಂದ್ರಗಳು. "ಒಂದೇ ಕೋಶದ್ದು ಹತ್ತಿ ಥರ ಹೇಗೆ ಬೆಳೆಯುತ್ತದೆ" ಅಂತ ಕೇಳಿದಿರಲ್ಲ, ಉತ್ತರ ಈ ಕೊಳವೆಯಲ್ಲೇ ಇದೆ.

ಕೊನೆಯದಾಗಿ, ಪ್ರೋಟಿಸ್ಟ ಅನ್ನೋದು ಒಂದು ಮನೆತನ ಅಂದುಕೊಳ್ಳಬೇಡಿ. 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ಆ ಹೆಸರಿಟ್ಟರು. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯ ಮಾಡಿದಾಗ ಶಿಲೀಂಧ್ರಕ್ಕೆ ಬೇರೆ ಸಾಮ್ರಾಜ್ಯ ಸಿಕ್ಕಿತು, ಪ್ರೋಟಿಸ್ಟ ಹಾಗೇ ಉಳಿಯಿತು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಕೂತ ಮೇಲೆ ಮಿಕ್ಕವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದಂತೆ, ಗಿಡ, ಪ್ರಾಣಿ, ಶಿಲೀಂಧ್ರ ಯಾವುದಕ್ಕೂ ಸೇರದ ಕೋಶಕೇಂದ್ರದ ಜೀವಿಗಳನ್ನೆಲ್ಲ ಅಲ್ಲಿ ಕೂರಿಸಿದ್ದಾರೆ. ಆ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತ ಅಮೀಬಾಗೂ ಮಲೇರಿಯಾ ತರುವ ಪ್ಲಾಸ್ಮೋಡಿಯಂಗೂ ಇರುವ ದೂರ, ನಮಗೂ ಅಣಬೆಗೂ ಇರುವ ದೂರಕ್ಕಿಂತ ಹೆಚ್ಚು. ಶಿಲೀಂಧ್ರಗಳು ಮಾತ್ರ ಒಂದೇ ಮೂಲದಿಂದ ಬಂದ ನಿಜವಾದ ಮನೆತನ. ಅವು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ ಅನ್ನೋದು 1993ರ ಹೊತ್ತಿಗೆ ಜೀನ್ ಹೋಲಿಸಿ ನೋಡಿದಾಗ ಗಟ್ಟಿಯಾಯಿತು.

ಕೊಪ್ಪದ ಬೆಳೆಗಾರ

ಓದಿ ಖುಷಿಯಾಯಿತು. ನಮ್ಮಲ್ಲಿ ಅಡಿಕೆಯೂ ಇದೆ, ಕಾಫಿಯೂ ಇದೆ. ಕಾಫಿಗೆ ಬರುವ ಕೊಳೆಯಲ್ಲಿ ಎಲೆ ಕಪ್ಪಾಗಿ, ಕಳಚಿ, ಒಂದು ಎಳೆಯಲ್ಲಿ ನೇತಾಡುತ್ತಾ ಇರುತ್ತದೆ. ಅದಕ್ಕೂ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ), ಅಡಿಕೆ ಕೊಳೆಗೂ ಬೋರ್ಡೋ. ನೀವು ಹೇಳುವ ಹಾಗೆ ಎರಡು ಬೇರೆ ಬೇರೆ ಜೀವಿ ಆದರೆ ಮೈಲುತುತ್ತ ಸುಣ್ಣ ಎರಡಕ್ಕೂ ಹೇಗೆ ನಾಟುತ್ತದೆ? ನಮ್ಮ ಅಜ್ಜನ ಕಾಲದಲ್ಲಿ ಔಷಧಿಗಿಂತ ಕೊಟ್ಟೆ (ಕೊನೆ ಮಳೆಗೆ ನೆನೆಯದಂತೆ ಮುಚ್ಚುವ ಹೊದಿಕೆ) ಕಟ್ಟುವುದೇ ಜಾಸ್ತಿ ಇತ್ತು. ಕೊನೆಗಾರ ಒಬ್ಬೊಬ್ಬನೇ ಮರ ಹತ್ತಿ ಕೊನೆಗೆ ಕೊಟ್ಟೆ ಕಟ್ಟಿ ಬರುತ್ತಿದ್ದ. ಅದೂ ಕೆಲಸ ಮಾಡುತ್ತಿತ್ತು. ಅದಕ್ಕೆ ಏನು ಹೇಳುತ್ತೀರಿ?

ಸಸ್ಯರೋಗ ಓದಿದವನು

ಕಾಫಿಯದ್ದು ನಿಜವಾದ ಶಿಲೀಂಧ್ರ, ಅಣಬೆಗಳ ಗುಂಪಿಗೇ ಸೇರಿದ್ದು. ಎಲೆ ನೇತಾಡುವುದು ಅದರ ಎಳೆಗಳ ಹುರಿಯಲ್ಲೇ. ಅಡಿಕೆಯದ್ದು ಊಮೈಸೀಟ್.

ಮೈಲುತುತ್ತದಲ್ಲಿರುವ ತಾಮ್ರ ಎರಡಕ್ಕೂ ಆಗುವುದಕ್ಕೆ ಕಾರಣ, ಅದು ಅಜೋಲ್ ಥರ ಒಂದೇ ಒಂದು ಕೀಲಿಗೆ ಕೈಹಾಕುವುದಿಲ್ಲ. ಬೀಜಕ ನೀರಿನಲ್ಲಿ ನೆನೆದಾಗ ಸ್ವಲ್ಪ ಸ್ವಲ್ಪ ತಾಮ್ರ ಕರಗಿ ಒಳಗೆ ಸೇರಿ, ಸಿಕ್ಕ ಸಿಕ್ಕ ಪ್ರೋಟೀನುಗಳನ್ನೆಲ್ಲ ಕೆಡಿಸುತ್ತದೆ. ಪ್ರೋಟೀನ್ ಎಲ್ಲರಲ್ಲೂ ಇದೆಯಲ್ಲ. ಅಂದಹಾಗೆ 1885ರಲ್ಲಿ ಫ್ರಾನ್ಸಿನ ಮಿಲಾರ್ದೆ ಬೋರ್ಡೋ ದ್ರಾವಣವನ್ನು ಜಗತ್ತಿಗೆ ತಿಳಿಸಿದ್ದು ದ್ರಾಕ್ಷಿಯ ಬೂಜು ರೋಗಕ್ಕೆ, ಅದನ್ನು ತರುವುದೂ ಊಮೈಸೀಟೇ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಮಹಾ ಬರ ಬಂತಲ್ಲ, ಅದಕ್ಕೆ ಕಾರಣ ಫೈಟಾಫ್ಥೊರಾದ ಇನ್ನೊಂದು ಜಾತಿ.

ಆದರೆ ತಾಮ್ರ ಹೊರಗೆ ಕಾವಲು ನಿಲ್ಲುತ್ತದೆ ಅಷ್ಟೇ, ಒಳಗೆ ಹೋದ ಎಳೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಚರಬೀಜಕ ಬರುವ ಮೊದಲೇ ಅಡಿಕೆಯ ಮೈಮೇಲೆ ಲೇಪ ಇರಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಅನ್ನುವ ಲೆಕ್ಕ ಅದಕ್ಕೇ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು ನಿಮಗೆ ಗೊತ್ತೇ ಇದೆ. ಕಬ್ಬಿಣದ ಚಾಕು ಅದ್ದಿ ನೋಡಿ, ಅಲಗಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ.

ಕೊಟ್ಟೆಯ ವಿಷಯಕ್ಕೆ ಬಂದರೆ, ಅಜ್ಜನವರು ಮಾಡುತ್ತಿದ್ದುದು ಈ ಜೀವಿಯ ಸ್ವಭಾವಕ್ಕೆ ಸರಿಯಾಗಿ ಕೂರುತ್ತದೆ. ಕೊನೆ ಒದ್ದೆಯಾಗದಿದ್ದರೆ ಈಜಲು ದಾರಿಯೇ ಇಲ್ಲ.

ಚಿಂತಾಮಣಿ ರೇಷ್ಮೆ

ಇದೇ ಮಾತು ನಮ್ಮ ರೇಷ್ಮೆಯಲ್ಲಿ ಉಲ್ಟಾ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹುಳು ಸಾಕುವವರಿಗೆ ಎರಡು ರೋಗದ ಭಯ. ಒಂದು ಸುಣ್ಣಕಟ್ಟು. ಹುಳು ಸತ್ತು ಗಟ್ಟಿಯಾಗಿ, ಮೈಮೇಲೆ ಸುಣ್ಣದ ಪುಡಿ ಹಾಕಿದಂತೆ ಬೆಳ್ಳಗಾಗುತ್ತದೆ. ಇದು ಬ್ಯುವೇರಿಯಾ ಎಂಬ ಶಿಲೀಂಧ್ರದಿಂದ. ಇಟಲಿಯ ಬಾಸ್ಸಿ 1835ರಲ್ಲಿ ಇದನ್ನು ತೋರಿಸಿಕೊಟ್ಟರು, ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆ ಅಂತ ಸಾಬೀತಾದ ಮೊದಲ ಪ್ರಕರಣಗಳಲ್ಲಿ ಇದೂ ಒಂದು. ಇದಕ್ಕೆ ಮನೆಯಲ್ಲಿ ತೇವ ಕಡಿಮೆ ಮಾಡಬೇಕು, ಸುಣ್ಣ ಉದುರಿಸಬೇಕು, ಸತ್ತ ಹುಳು ಬೆಳ್ಳಗಾಗುವ ಮೊದಲೇ ಆರಿಸಿ ತೆಗೆಯಬೇಕು. ಬಿಳಿ ಪುಡಿ ಅಂದರೆ ಪೂರ್ತಿ ಬೀಜಕವೇ.

ಇನ್ನೊಂದು ಗಂಟು ರೋಗ, ಅಂದರೆ ಪೆಬ್ರಿನ್. ಒಂದೇ ತಟ್ಟೆಯಲ್ಲಿ ಹುಳು ಒಂದು ದಪ್ಪ ಒಂದು ಸಣ್ಣ ಆಗುತ್ತವೆ, ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ. ಇದು ನೊಸೆಮಾ ಬಾಂಬಿಸಿಸ್‌ನಿಂದ. ನಮಗೆ ತರಬೇತಿಯಲ್ಲಿ ಇದನ್ನು ಪ್ರೋಟೊಜೋವಾ ರೋಗ ಅಂತಲೇ ಹೇಳಿಕೊಟ್ಟರು, ಪಾಠಗಳಲ್ಲೂ ಬಹಳ ಕಾಲ ಪ್ಲಾಸ್ಮೋಡಿಯಂ ಪಕ್ಕದಲ್ಲಿ ಇತ್ತು. 1990ರ ದಶಕದಿಂದ ಜೀನ್ ನೋಡಿದ ಮೇಲೆ ಅದನ್ನು ಶಿಲೀಂಧ್ರಗಳ ಕಡೆಗೆ ತಂದಿದ್ದಾರೆ. ಬೀಜಕದ ಗೋಡೆಯಲ್ಲಿ ಕೈಟಿನ್ ಕೂಡ ಇದೆ. ಎಳೆ ಇಲ್ಲ, ಬೂಷ್ಟು ಇಲ್ಲ, ಹುಳುವಿನ ಕೋಶದ ಒಳಗೇ ಬದುಕು. ಬೀಜಕದ ಒಳಗೆ ಸುರುಳಿ ಸುತ್ತಿದ ಒಂದು ನಳಿಕೆ ಇರುತ್ತದೆ, ಅದನ್ನು ಹೊರಗೆ ಚಿಮ್ಮಿಸಿ ಅದರ ಮೂಲಕವೇ ಹುಳುವಿನ ಕೋಶದೊಳಗೆ ನುಸುಳುತ್ತದೆ.

ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಕಾರಣ ಇದನ್ನು ಮನೆ ತೊಳೆದು ಮಾತ್ರ ನಿಲ್ಲಿಸಲು ಆಗುವುದಿಲ್ಲ. ಗ್ರೇನೇಜ್‌ನಲ್ಲಿ (ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ) ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಮೊಟ್ಟೆ ಆಕಾರದ ಹೊಳೆಯುವ ಬೀಜಕ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಹಾಕಿಕೊಟ್ಟ ದಾರಿ ಇದು, ಇವತ್ತಿಗೂ ನಮ್ಮ ಕಸುಬು ಅದರ ಮೇಲೇ ನಿಂತಿದೆ.

ಲ್ಯಾಬ್ ಕೆಲಸದವಳು

ನನ್ನದೂ ಎರಡು ಮಾತು, ಆಸ್ಪತ್ರೆ ಲ್ಯಾಬ್ ಕಡೆಯಿಂದ. ನ್ಯುಮೋಸಿಸ್ಟಿಸ್ ಅಂತ ಇದೆ, ಎಚ್‌ಐವಿ ಇರುವವರಿಗೆ ಶ್ವಾಸಕೋಶಕ್ಕೆ ಬರುವಂಥದ್ದು. ಅದನ್ನೂ ಪ್ರೋಟೊಜೋವಾ ಅಂದುಕೊಂಡಿದ್ದರು, 1988ರಲ್ಲಿ ಶಿಲೀಂಧ್ರ ಅಂತ ಗೊತ್ತಾಯಿತು. ಆದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇಲ್ಲ, ಹಾಗಾಗಿ ಅಜೋಲ್ ಕೊಟ್ಟರೆ ಪ್ರಯೋಜನ ಇಲ್ಲ, ಇವತ್ತಿಗೂ ಕೋಟ್ರೈಮಾಕ್ಸಜೋಲೇ (ಹೆಸರು ಹಾಗಿದ್ದರೂ ಅಜೋಲ್ ಗುಂಪಿನದ್ದಲ್ಲ) ಮೊದಲ ಔಷಧಿ. ಇದರ ಎದುರಿಗೆ ಬಿಹಾರದ ಕಡೆಯ ಕಾಲಾ ಅಜಾರ್ ಜ್ವರ ಇಟ್ಟು ನೋಡಿ. ಅದನ್ನು ತರುವ ಲೀಶ್ಮೇನಿಯಾ ಪಕ್ಕಾ ಪ್ರೋಟಿಸ್ಟ, ಆದರೆ ಅದರ ಪೊರೆಯಲ್ಲಿ ಶಿಲೀಂಧ್ರದಂಥ ಸ್ಟೆರಾಲ್ ಇದೆ, ಅದಕ್ಕೇ ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ಬಿ ಅದನ್ನೂ ಕೊಲ್ಲುತ್ತದೆ. ಗುಂಪಿನ ಹೆಸರು ಗೊತ್ತಿದ್ದರೆ ಸಾಲದು, ಆ ಔಷಧಿ ಎಲ್ಲಿ ಕೈಹಾಕುತ್ತದೆ, ಆ ಜಾಗ ಈ ಜೀವಿಯಲ್ಲಿ ಇದೆಯಾ ಅಂತ ನೋಡಬೇಕು.

ತೋಟದಮನೆ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪಯ್ಯನಿಗೂ ಓದಿ ಹೇಳಿದೆ, ಕೊಟ್ಟೆ ಮಾತು ಬಂದಾಗ ಅವರಿಗೆ ಭಾರೀ ಖುಷಿಯಾಯಿತು. ಇನ್ನೆರಡು ಡೌಟ್ ಇದೆ. ನಮ್ಮ ಪಾಠದಲ್ಲಿ ಸಾಸಿವೆ ಗಿಡಕ್ಕೆ ರೋಗ ತರುವ ಆಲ್ಬುಗೋವನ್ನು ಮ್ಯೂಕರ್, ರೈಜೋಪಸ್ ಜೊತೆ ಶಿಲೀಂಧ್ರದಲ್ಲಿ ಹಾಕಿದ್ದಾರೆ. ಅದೂ ಊಮೈಸೀಟಾ? ಪರೀಕ್ಷೆಯಲ್ಲಿ ಬಂದರೆ ಏನು ಬರೆಯಲಿ? ಮತ್ತೆ ಆ ಈಜುವ ಬೀಜಕವನ್ನು ನಮ್ಮ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಬಹುದಾ?

ಬಯಾಲಜಿ ಮೇಡಂ

ಹೌದು, ಆಲ್ಬುಗೋ ಊಮೈಸೀಟೇ. ಪರೀಕ್ಷೆಯಲ್ಲಿ ಪಾಠದಲ್ಲಿ ಇರುವಂತೆ ಫೈಕೊಮೈಸೀಟ್ಸ್ ಎಂಬ ಶಿಲೀಂಧ್ರ ಗುಂಪು ಅಂತಲೇ ಬರೆಯಿರಿ, ಅಂಕ ಹಾಕುವವರು ಪಾಠ ಇಟ್ಟುಕೊಂಡು ಹಾಕುತ್ತಾರೆ. ಕ್ಲಾಸಿನಲ್ಲಿ ಮಾತ್ರ ಈ ಪ್ರಶ್ನೆ ಎತ್ತಿ. ನನ್ನ ಕ್ಲಾಸಿನಲ್ಲಿ ಯಾರಾದರೂ ಕೇಳಿದ್ದರೆ ಆ ಪೀರಿಯಡ್ ಪೂರ್ತಿ ಅದಕ್ಕೇ ಕೊಡುತ್ತಿದ್ದೆ.

ಸಸ್ಯರೋಗ ಓದಿದವನು

ಖಂಡಿತ ನೋಡಬಹುದು, ಕಾಲೇಜಿನ ಮೈಕ್ರೋಸ್ಕೋಪ್ ಸಾಕು. ಬೋರ್ಡೋ ಬೀಳದ ಮರದ ಕೆಳಗೆ ಹೊಸದಾಗಿ ಉದುರಿದ ಕೊಳೆ ಅಡಿಕೆ ಆರಿಸಿ. ಹಳೆಯದು ಬೇಡ, ಅದರ ಮೇಲೆ ಬೇರೆ ಶಿಲೀಂಧ್ರಗಳೂ ಸೇರಿಕೊಂಡಿರುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಪೇಪರ್ ಹಾಸಿ ಅದರ ಮೇಲೆ ಇಟ್ಟರೆ ಒಂದೆರಡು ದಿನದಲ್ಲಿ ಬಿಳಿ ಬೆಳವಣಿಗೆ ಬರುತ್ತದೆ. ಅದರಿಂದ ಚಿಟಿಕೆಯಷ್ಟು ಸೂಜಿಯಲ್ಲಿ ತೆಗೆದು ಗಾಜಿನ ಬಟ್ಟಲಲ್ಲಿ ಸ್ವಲ್ಪ ಮಳೆನೀರಿಗೆ ಹಾಕಿ. ನಲ್ಲಿ ನೀರಲ್ಲಿ ಕ್ಲೋರಿನ್ ಇರಬಹುದು, ತಾಮ್ರದ ಪಾತ್ರೆಯಂತೂ ಬೇಡವೇ ಬೇಡ, ಎರಡೂ ಚರಬೀಜಕವನ್ನು ಕೊಲ್ಲುತ್ತವೆ. ಬಟ್ಟಲನ್ನು ಅರ್ಧ ಗಂಟೆ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಟ್ಟು ಹೊರಗೆ ತೆಗೆಯಿರಿ, ಫ್ರೀಜರ್‌ನಲ್ಲಿ ಇಡಬೇಡಿ. ಆಮೇಲೆ ಆಗಾಗ ಒಂದೊಂದು ಹನಿ ಸ್ಲೈಡಿಗೆ ಹಾಕಿ ನೋಡುತ್ತಾ ಇರಿ. ಮೊದಲು ಕಡಿಮೆ ಪವರಿನಲ್ಲಿ ನಿಂಬೆ ಆಕಾರದ ಚೀಲ ಹುಡುಕಿ, ಸಿಕ್ಕಿದ ಮೇಲೆ ಪವರ್ ಹೆಚ್ಚಿಸಿ. ಬೆಳಕು ಕಡಿಮೆ ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಈಜುವುದೆಲ್ಲ ಚರಬೀಜಕ ಅಂತ ತಿಳಿಯಬೇಡಿ, ಮಳೆನೀರಿನಲ್ಲಿ ಬೇರೆ ಪ್ರೋಟಿಸ್ಟಗಳೂ ಇರುತ್ತವೆ. ಅದಕ್ಕೆ ನೀರನ್ನು ಮೊದಲೇ ಕುದಿಸಿ ಆರಿಸಿಕೊಳ್ಳಿ, ಅಡಿಕೆ ಹಾಕುವ ಮುಂಚೆ ಖಾಲಿ ನೀರಿನದೂ ಒಂದು ಸ್ಲೈಡ್ ನೋಡಿಡಿ. ಚರಬೀಜಕವಾದರೆ ಸ್ವಲ್ಪ ಹೊತ್ತು ಈಜಿ ನಿಂತು ಗುಂಡಗಾಗುತ್ತದೆ, ಆಮೇಲೆ ಒಂದು ಸಣ್ಣ ಎಳೆ ಚಾಚುತ್ತದೆ. ಅಲ್ಲಿಯವರೆಗೂ ಬಿಟ್ಟು ಬಿಟ್ಟು ನೋಡಿ. ಪಕ್ಕದಲ್ಲಿ ಹೋಲಿಸಲು ಬ್ರೆಡ್ ಮೇಲಿನ ಬೂಷ್ಟಿನದೂ ಒಂದು ಸ್ಲೈಡ್ ಮಾಡಿ, ಅದರ ಬೀಜಕ ಎಷ್ಟು ಹೊತ್ತು ಕಾದರೂ ಈಜುವುದಿಲ್ಲ. ಕೆಲಸ ಮುಗಿದ ಮೇಲೆ ಆ ನೀರು, ಆ ಅಡಿಕೆ ತೋಟಕ್ಕೆ ಎಸೆಯದೆ ಒಲೆಗೆ ಹಾಕಿ ಅಥವಾ ಕುದಿಸಿ ಚೆಲ್ಲಿ. ಮೊಬೈಲನ್ನು ಐಪೀಸಿಗೆ ಹಿಡಿದು ವಿಡಿಯೋ ತೆಗೆಯಲು ಆದರೆ ಇಲ್ಲೇ ಹಾಕಿ, ನಾವೂ ನೋಡುತ್ತೇವೆ.